ಕರುವಿನ ತನಕ

ಫೀನಾಗೆ ಐದು ವರ್ಷವಾಗಿದ್ದಾಗ, ಸ್ನಾನದ ತೊಟ್ಟಿಯಲ್ಲಿ ತಲೆ ಮುಳುಗಿಸುವುದಿಲ್ಲವೆಂದು ಹಟ ಹಿಡಿದು ಅಳುತ್ತಿದ್ದ ಒಂದು ಸಂಜೆ, ರೆಮಿಗಿ ಅವಳಿಗೆ ಮಾತು ಕೊಟ್ಟಿದ್ದ: ನಿನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ನಮ್ಮ ಬೆಟ್ಟದ ಸರೋವರಕ್ಕೆ ಹೋಗೋಣ, ನಾನೂ ನೀನೂ ಜೊತೆಯಲ್ಲೇ ಕರುವಿನ ತನಕ ಈಜೋಣ. ಕರು ಎಂದರೆ ಆ ಸರೋವರದ ನಡುವೆ, ಮಲಗಿದ ಕರುವಿನ ಬೆನ್ನಿನ ಹಾಗೆ ನೀರಿನ ಮೇಲೆ ಎದ್ದಿರುವ ಕಪ್ಪು ಬಂಡೆ. “ನೀನು ಈಜಿದ್ದೀಯಾ ಅಪ್ಪಾ?” ಎಂದು ಅವಳು ರೆಪ್ಪೆಗೆ ಮೆತ್ತಿದ ಸೋಪಿನ ನೊರೆಯ ನಡುವಿನಿಂದ ಕೇಳಿದ್ದಳು. “ಓ, ಎಷ್ಟೋ ಸಲ” ಎಂದಿದ್ದ. ಬೆಳಗಿನ ಜಾವ ಎದ್ದು ಟ್ರಾಮ್ ಡಿಪೋಗೆ ಹೋಗಬೇಕಿತ್ತು, ಹೆಂಡತಿ ಲಿಡಿಯಾ ಇನ್ನೂ ಆಸ್ಪತ್ರೆಯ ಅಡುಗೆಮನೆಯಿಂದ ಬಂದಿರಲಿಲ್ಲ, ಆ ಹೊತ್ತಿಗೆ ಅವನಿಗೆ ಬೇಕಾಗಿದ್ದದ್ದು ಮಗಳ ತಲೆ ತೊಳೆದು ಮುಗಿಸುವುದು, ಅಷ್ಟೆ. ಅವಳು ಮೂಗು ಹಿಡಿದುಕೊಂಡು ಮುಳುಗಿದಳು. ಎದ್ದು ನಕ್ಕಳು. ರೆಮಿಗಿಗೆ ಈಜು ಬರುತ್ತಿರಲಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಕೇಬಲ್ ಕಾರಿನ ಮರದ ಡಬ್ಬಿ ಕಣಿವೆಯ ಮೇಲೆ ತೂಗಾಡುತ್ತ ಏರುತ್ತಿದ್ದಾಗ ಫೀನಾ ಕಿಟಕಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಅವಳ ಬೆನ್ನ ಚೀಲದಲ್ಲಿ ಈಜುಡುಪು, ಈಜುಗನ್ನಡಕ, ಈಜು ಕ್ಲಬ್ಬಿನವರು ಕೊಟ್ಟ ಕಿತ್ತಳೆ ಬಣ್ಣದ ಟೋಪಿ. ಅವನ ಚೀಲದಲ್ಲೂ ಒಂದು ಈಜುಡುಪಿತ್ತು, ಹೊಸದು, ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಅದನ್ನು ಕೀಳಬೇಕು, ಅವಳ ಕಣ್ಣಿಗೆ ಬೀಳುವ ಮೊದಲು ಕೀಳಬೇಕು ಎಂದು ರೈಲಿನಲ್ಲಿ ಕೂತಲ್ಲಿಂದ ಅಂದುಕೊಳ್ಳುತ್ತಿದ್ದ. ಚೀಲಕ್ಕೆ ಕೈ ಹಾಕಿದರೆ ಬೆರಳಿಗೆ ಆ ರಟ್ಟಿನ ಚೂಪು ತುದಿ ತಾಗುತ್ತಿತ್ತು, ಕೈ ಹಿಂದಕ್ಕೆ ತೆಗೆಯುತ್ತಿದ್ದ. ನೀರು ತಣ್ಣಗಿದೆ ಅಂದರಾಯಿತು. ಕಾಲು ಉಳುಕಿದೆ ಅಂದರಾಯಿತು. ರೈಲು ನಿಲ್ದಾಣದ ಮೆಟ್ಟಿಲ ಹತ್ತಿರ ನಿಜವಾಗಿಯೂ ಒಂದು ಸಲ ಕಾಲನ್ನು ಹೊರಳಿಸಿ ನೋಡಿದ್ದ, ಹಾಗೆ ಹೊರಳಿಸುವಾಗ ಎದುರಿಗೆ ಬರುತ್ತಿದ್ದ ಹೆಂಗಸೊಬ್ಬಳು ಅವನನ್ನೇ ನೋಡಿದಳು, ಅವನು ಬೂಟಿನ ದಾರ ಬಿಗಿಯುವವನಂತೆ ಬಗ್ಗಿದ್ದ. ವರ್ಷಕ್ಕೆ ಎರಡು ದಿನ ರಜೆ ಕೂಡಿಸಿಕೊಳ್ಳಲು ಒದ್ದಾಡುವ ಮನುಷ್ಯ, ಮಗಳಿಗೆ ಹತ್ತು ತುಂಬಿದ ಈ ಬೇಸಿಗೆಗೆ ರಜೆ ಸಿಗದಿರಲಿ ಎಂದು ಹಾರೈಸಿದ್ದ. ಸಿಕ್ಕಿತು. ಮಳೆ ಬರಲಿ ಎಂದು ಹಾರೈಸಿದ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಡಬ್ಬಿ ಕೊನೆಯ ಕಂಬ ದಾಟಿ ಒಮ್ಮೆ ಜೋಲಿ ಹೊಡೆಯಿತು, ಫೀನಾ “ಅಪ್ಪಾ ಕಾಣ್ತಿದೆ” ಅಂದಳು, ಅವನು ನೋಡಲಿಲ್ಲ, ನೋಡದೆಯೂ ಗೊತ್ತಿತ್ತು: ಬೆಟ್ಟಗಳ ನಡುವೆ ಅದು ಬಿದ್ದಿದೆ, ಹಸಿರೂ ಅಲ್ಲದ ನೀಲಿಯೂ ಅಲ್ಲದ ಆ ಬಣ್ಣ, ಬಡಗಣ ದಿಕ್ಕಿಗೆ ನೀರಿನಿಂದಲೇ ನೇರ ಎದ್ದ ಬಂಡೆಗೋಡೆ, ನಡುವೆ ಕರು. ಜನ ಈ ನೋಟಕ್ಕಾಗಿ ದೇಶದೇಶದಿಂದ ಬರುತ್ತಾರೆ. ಅವನು ಡಬ್ಬಿಯ ನೆಲದ ಹಲಗೆಗಳನ್ನು ನೋಡುತ್ತ ನಿಂತ.

ಕಲಿಯಲು ಹೋಗಿರಲಿಲ್ಲವೆಂದಲ್ಲ. ಹೋದ ಚಳಿಗಾಲದಲ್ಲಿ ಊರಿನ ಈಜುಕೊಳದಲ್ಲಿ ದೊಡ್ಡವರಿಗೆಂದು, ನೀರಿಗೆ ಹೆದರುವ ದೊಡ್ಡವರಿಗೆಂದೇ, ತರಗತಿ ಇತ್ತು. ಲಿಡಿಯಾಗೆ ಓವರ್‌ಟೈಮ್ ಎಂದು ಹೇಳಿ ಹೋಗುತ್ತಿದ್ದ. ಬಿಸಿ ಹಬೆ, ಕ್ಲೋರಿನ್ ವಾಸನೆ, ಹಳದಿ ಹೂವಿನ ಟೋಪಿ ಹಾಕಿದ ಮುದುಕಿಯೊಬ್ಬಳು ಎರಡನೆಯ ದಿನಕ್ಕೇ ಎಲೆಯ ಹಾಗೆ ತೇಲಿದಳು. ಕಲಿಸುವ ಹುಡುಗಿ ಅವನ ಗದ್ದಕ್ಕೆ ಎರಡು ಬೆರಳು ಕೊಟ್ಟು “ಬಿಡಿ ಸಾರ್, ಕುತ್ತಿಗೆ ಸಡಿಲ ಬಿಡಿ, ನೀರು ನಿಮ್ಮನ್ನ ಹಿಡ್ಕೊಳ್ಳತ್ತೆ” ಎನ್ನುತ್ತಿದ್ದಳು. ನೀರು ಹಿಡಿದುಕೊಳ್ಳುತ್ತಿತ್ತು, ನಿಜ. ಹೇಗೆ ಹಿಡಿದುಕೊಳ್ಳುತ್ತಿತ್ತೆಂದು ಅವನಿಗೆ ಮಾತ್ರ ಗೊತ್ತಿತ್ತು. ಸೊಂಟಮಟ್ಟದ ನೀರಿನಲ್ಲಿ ನೀಲಿ ಸ್ಪಂಜಿನ ಹಲಗೆಯನ್ನು ಎದೆಗೆ ಅಪ್ಪಿಕೊಂಡು ಅವನು ನಿಂತಿದ್ದಾಗ ಫೀನಾಳ ಕ್ಲಬ್ಬಿನ ಹುಡುಗಿಯೊಬ್ಬಳು ಕೊಳದ ಅಂಚಿನಿಂದ ಬಗ್ಗಿ, “ನೀವು ಫೀನಾ ಅಪ್ಪ ಅಲ್ವಾ?” ಎಂದಳು. “ಹೂಂ. ಇಲ್ಲಿ ಒಂದು ಪೈಪ್ ನೋಡ್ಬೇಕಿತ್ತು” ಎಂದುಬಿಟ್ಟ. ಈಜುಡುಪಿನಲ್ಲಿ, ಸ್ಪಂಜಿನ ಹಲಗೆ ಹಿಡಿದು, ಪೈಪು. ಹುಡುಗಿ ತಲೆಯಾಡಿಸಿ ಹೋದಳು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಹುಡುಗಿ ಫೀನಾಗೆ ಹೇಳಿದ್ದಾಳೋ ಇಲ್ಲವೋ ಎಂಬುದೊಂದು ಮುಳ್ಳು ತಿಂಗಳುಗಟ್ಟಲೆ ಒಳಗೆ ಮುರಿದುಕೊಂಡು ಕೂತಿತ್ತು. ಊಟದ ಮೇಜಿನಲ್ಲಿ ಮಗಳು ಬಾಯಿ ತೆರೆದಾಗಲೆಲ್ಲ ಇದೇ ಇರಬೇಕು ಎಂದು ಚಮಚ ಕೆಳಗಿಡುತ್ತಿದ್ದ, ಅವಳು ಉಪ್ಪು ಕೇಳುತ್ತಿದ್ದಳು.

ಸರೋವರದ ದಂಡೆಯಲ್ಲಿ, ದನ ಮೇಯಿಸುವವರ ಬೇಸಿಗೆ ಮನೆಯ ಬಾಗಿಲಲ್ಲಿ ಚಿಕ್ಕಮ್ಮ ಅಗಾತಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ರೆಮಿಗಿಯ ಅಪ್ಪ ಸತ್ತ ಮೇಲೆ ಈ ಹುಲ್ಲುಗಾವಲು, ಈ ಹಸುಗಳು, ಚೀಸ್ ಕಾಯಿಸುವ ತಾಮ್ರದ ಹಂಡೆ, ಎಲ್ಲ ಚಿಕ್ಕಪ್ಪ ಕಾಂಡಿಡ್‌ನ ಪಾಲಿಗೆ ಬಂದಿತ್ತು. ರೆಮಿಗಿ ಕೆಳಗಿಳಿದು ಟ್ರಾಮ್ ಓಡಿಸುವವನಾಗಿದ್ದ. “ಬಂದ್ಯಾ ಪಟ್ಟಣದ ದೊರೆ,” ಎಂದಳು ಅಗಾತಾ. “ಹೊಟ್ಟೆ ನೋಡು, ಕೂತು ಕೂತು ಹಂಡೆ ಆಗಿದೆ. ಮಗಳನ್ನ ಮಾತ್ರ ಕಡ್ಡಿ ಹಾಗೆ ಸಾಕಿದ್ದೀಯ. ಬಾ ಕೂಸೇ, ನಿಮ್ಮಪ್ಪ ನಿಂಗೆ ಬರೀ ಟ್ರಾಮ್ ಟಿಕೆಟ್ ತಿನ್ನಿಸ್ತಾನೇನು?” ಒಲೆಯ ಮೇಲೆ ಆಲೂಗಡ್ಡೆ, ಮ್ಯಾಕರೋನಿ, ಚೀಸು, ಕೆನೆ ಒಟ್ಟಿಗೆ ಬೇಯುತ್ತಿತ್ತು, ಈರುಳ್ಳಿ ಕೆಂಪಗೆ ಹುರಿಯುತ್ತಿತ್ತು, ಪಕ್ಕದ ಬಟ್ಟಲಲ್ಲಿ ಸೇಬಿನ ಗೊಜ್ಜು. ಆ ವಾಸನೆಗೆ ಅವನ ಮೈ ಒಂದು ಕ್ಷಣ ಸಡಿಲವಾಯಿತು. ಆಗಲೇ ಫೀನಾ ಬಾಯಿ ತುಂಬ ತುಂಬಿಕೊಂಡು ಕಾಂಡಿಡ್ ಕಡೆ ತಿರುಗಿ ಹೇಳಿದಳು, “ಅಜ್ಜ, ನಾನೂ ಅಪ್ಪಾನೂ ಇವತ್ತು ಕರುವಿನ ತನಕ ಈಜ್ತೀವಿ. ಅಪ್ಪ ಚಿಕ್ಕೋರಿದ್ದಾಗ ಎಷ್ಟೋ ಸಲ ಈಜಿದ್ದಾರಂತೆ.”

ಮೇಜಿನ ಸುತ್ತ ಏನೂ ಆಗಲಿಲ್ಲ. ಅಗಾತಾಳ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿ ನಿಂತಿತು, ಅಷ್ಟೆ. ಕಾಂಡಿಡ್ ರೊಟ್ಟಿಯ ಚೂರನ್ನು ಬೆರಳಲ್ಲಿ ಉರುಳಿಸಿದ. ಈ ಮನೆಯಲ್ಲಿ ಯಾರೂ ಆ ನೀರಿಗೆ ಇಳಿದವರಲ್ಲ. ನೀರು ದನಕ್ಕೆ ಕುಡಿಯಲು, ಹಾಲಿನ ಪಾತ್ರೆ ತಣ್ಣಗಿಡಲು. ಒಳಗಿಳಿದು ಕೈಕಾಲು ಬಡಿಯುವುದು ಹೊರಗಿನಿಂದ ಬಂದವರ ಆಟ. ರೆಮಿಗಿಯ ಅಜ್ಜನಿಗೆ ಬರುತ್ತಿರಲಿಲ್ಲ, ಅಪ್ಪನಿಗೆ ಬರುತ್ತಿರಲಿಲ್ಲ, ಜೀವಮಾನವಿಡೀ ಸರೋವರದ ದಂಡೆಯಲ್ಲಿ ಎದ್ದು ಮಲಗಿದ ಕಾಂಡಿಡ್‌ಗೆ ಮೊಣಕಾಲಿನ ಮೇಲೆ ಆ ನೀರು ತಾಗಿರಲಾರದು. “ಹೌದಾ,” ಎಂದ ಕಾಂಡಿಡ್ ಕೊನೆಗೆ, ರೆಮಿಗಿಯನ್ನು ನೋಡದೆ. “ಇರಬಹುದು. ನಾನು ಆಗ ಹಾಲು ಕರೀತಿದ್ದೆ ಅನ್ಸತ್ತೆ, ನೋಡಿಲ್ಲ.” ಅಗಾತಾ ಸುಮ್ಮನಿರಲಾರದೆ, “ಮುಖ ತೊಳ್ಕೋ ಅಂದ್ರೆ ಊರಿಗೆಲ್ಲ ಕೇಳೋ ಹಾಗೆ ಅಳ್ತಿದ್ದ ನಿಮ್ಮಪ್ಪ” ಎಂದಳು, ಆಮೇಲೆ ಗಂಡನ ಮುಖ ನೋಡಿ ಸೇಬಿನ ಗೊಜ್ಜಿನ ಬಟ್ಟಲನ್ನು ಫೀನಾಳ ಮುಂದೆ ತಳ್ಳಿದಳು. ಫೀನಾ ನಕ್ಕಳು. ರೆಮಿಗಿಯೂ ನಕ್ಕ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಮುದುಕ ಹೀಗೆ ತನ್ನ ಹಾಲಿನ ಬಕೆಟ್ಟನ್ನು ಅಡ್ಡ ಹಿಡಿದು ಅವನ ಮಾನ ಮುಚ್ಚಿದ್ದು ಕಿವಿಯ ತುದಿಯವರೆಗೂ ಸುಟ್ಟಿತು.

ಊಟ ಆದ ಕೂಡಲೇ ಇಳಿಯಬಾರದು ಎಂದ. ಅವಳು ಒಪ್ಪಿದಳು, ಕ್ಲಬ್ಬಿನಲ್ಲೂ ಹಾಗೇ ಹೇಳುತ್ತಾರೆ. ಆಮೇಲೆ ಬೇಲಿಯ ಒಂದು ಗೂಟ ಅಲ್ಲಾಡುತ್ತಿದೆ, ಚಿಕ್ಕಪ್ಪನಿಗೆ ಕೈಕೊಡಬೇಕು ಎಂದ. ಗೂಟ ಅಲ್ಲಾಡುತ್ತಿರಲಿಲ್ಲ, ಅವನೇ ಅಲ್ಲಾಡಿಸಿ ಮತ್ತೆ ಬಡಿದ. ಆಮೇಲೆ ದಂಡೆಯ ಮೇಲೆ ನಡೆಯೋಣ ಎಂದ. ಇಬ್ಬರೂ ನಡೆದರು. ನೀರು ದಡದ ಹತ್ತಿರ ಗಾಜಿನ ಹಾಗೆ, ಒಂದೊಂದು ಕಲ್ಲೂ ಎಣಿಸುವ ಹಾಗೆ ಕಾಣುತ್ತಿತ್ತು. ನಾಲ್ಕು ಮಾರು ಆಚೆ ಕಲ್ಲುಗಳು ಹಸಿರಾಗುತ್ತಿದ್ದವು. ಅದರಾಚೆ ಒಮ್ಮೆಗೇ ತಳವೇ ಇಲ್ಲ, ಯಾರೋ ಬಾಗಿಲು ತೆರೆದಿಟ್ಟು ಹೋದ ನೆಲಮಾಳಿಗೆಯ ಹಾಗೆ. ಅವನು ಆ ಬಾಗಿಲನ್ನು ನೋಡುತ್ತ ನಡೆದ. ಹಾಲೆಂಡಿನ ಮುದುಕನೊಬ್ಬ ಬಿಳಿ ಹೊಟ್ಟೆ ಹೊತ್ತು ನೀರಿನಿಂದ ಎದ್ದು ಬಂದು, ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತ, “ಇಳೀರಿ ಇಳೀರಿ, ಸ್ವರ್ಗ ಇದ್ದ ಹಾಗಿದೆ” ಎಂದ. ಫೀನಾ ಅಪ್ಪನ ಕೈ ಹಿಡಿದು ಎಳೆದಳು. ಅವನ ಅಂಗೈ ಬೆವೆತಿತ್ತು, ಅವಳು ಅದನ್ನು ತನ್ನ ಚಡ್ಡಿಗೆ ಒರೆಸಿ ಮತ್ತೆ ಹಿಡಿದುಕೊಂಡಳು. ಕರುವಿನ ಎಡಕ್ಕೆ, ಬಡಗಣದಲ್ಲಿ, ಬಂಡೆಗೋಡೆ ಎದ್ದು ನಿಂತಿತ್ತು. ಆ ಗೋಡೆಗೆ ಹೋಗಿ ಹಣೆ ಹೊಡೆದುಕೊಂಡ ಕಡಸಿನ ಹೆಸರೇನು? ಅವನು ಚಿಕ್ಕವನಿದ್ದಾಗಿನ ಬೆಳ್ಳಿ ಹಣೆಯ ಕಂದು ಕಡಸು, ಒಂದು ಸಂಜೆ ಗುಡುಗಿಗೆ ಬೆದರಿ ನೀರಿಗೆ ಬಿದ್ದಿತ್ತು, ಮಂಜು ಕೈ ಚಾಚಿದರೆ ಕೈ ಕಾಣದ ಹಾಗೆ ಇಳಿದಿತ್ತು, ಅಪ್ಪ ಮರದ ಆಲಿಕೆ ಹಿಡಿದು ದಡದ ಮೇಲಿನ ದಿಬ್ಬದ ಶಿಲುಬೆಯ ಬುಡದಲ್ಲಿ ನಿಂತಿದ್ದ. ಬೆಟ್ಟದ ಕಟ್ಟಳೆ ಅದು, ಪ್ರತಿ ಸಂಜೆ ಹಾಲು ಸೋಸುವ ಅದೇ ಆಲಿಕೆಯನ್ನು ಬಾಯಿಗಿಟ್ಟುಕೊಂಡು, ಸಂತ ವೆಂಡೆಲಿನನನ್ನೂ ಸಂತ ಅಂತೋನಿಯನ್ನೂ ದೇವಮಾತೆಯನ್ನೂ ಹೆಸರು ಹಿಡಿದು ರಾಗವಾಗಿ ಕೂಗಿ, ಈ ಬೆಟ್ಟದ ಮನುಷ್ಯರನ್ನೂ ದನಗಳನ್ನೂ ರಾತ್ರಿಯ ಮಟ್ಟಿಗೆ ಅವರ ಕಾವಲಿಗೆ ಒಪ್ಪಿಸಬೇಕು. ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ಕೇಡು ಬರುವುದಿಲ್ಲ. ನಾಲ್ಕು ದಿಕ್ಕಿಗೂ ತಿರುಗಿ ಕೂಗಬೇಕು, ಒಂದು ದಿಕ್ಕು ಬಿಟ್ಟರೆ ಆ ದಿಕ್ಕಿನ ದನ ಬೆಳಿಗ್ಗೆಗೆ ಇರುವುದಿಲ್ಲ. ಅಪ್ಪ ಅಂದೂ ತಿರುಗಿ ತಿರುಗಿ ಕೂಗಿದ. ನೀರಿನ ಕಡೆ ಕೂಗಿದಾಗ ಕಡಸಿನ ಗಂಟೆ ದಡದತ್ತ ಬರುತ್ತಿತ್ತು, ರೆಮಿಗಿ ಕಿವಿಯಾರೆ ಕೇಳಿದ್ದ, ಇನ್ನೇನು ಬಂತು. ಆಗ ಅಪ್ಪ ಬಡಗಣಕ್ಕೆ ತಿರುಗಿದ, ಗೋಡೆ ಅಪ್ಪನ ಧ್ವನಿಯನ್ನು ಹಿಡಿದು ತಾನೇ ಕೂಗಿತು, ಅಪ್ಪನಿಗಿಂತ ಜೋರಾಗಿ, ಅಪ್ಪನಿಗಿಂತ ಮಮತೆಯಿಂದ. ಗಂಟೆ ತಿರುಗಿತು. ದೂರ ಹೋಯಿತು. ಆಮೇಲೆ ಇರಲಿಲ್ಲ.

“ಅಪ್ಪಾ, ಈಗ?” ಎಂದಳು ಫೀನಾ.

“ನಾಳೆ ಬೆಳಿಗ್ಗೆ.”

“ನಾಳೆ ಮೊದಲನೇ ಕೇಬಲ್ ಕಾರಿಗೆ ಹೋಗ್ಬೇಕು ಅಂದಿದ್ದೆ.”

“ಅದಕ್ಕೆ ಮುಂಚೆ. ಬೇಗ ಏಳೋಣ.”

“ಬೆಳಿಗ್ಗೆ ನೀರು ಇನ್ನೂ ತಣ್ಣಗಿರತ್ತೆ.” ಅವಳು ನಿಂತಳು. ಒಂದು ಕಲ್ಲನ್ನು ಕಾಲಿನಿಂದ ನೀರಿಗೆ ಉರುಳಿಸಿದಳು. ಕಲ್ಲು ಹಸಿರಾಗಿ, ಆಮೇಲೆ ಕಾಣಿಸದಾಯಿತು. “ಅಪ್ಪಾ. ನಿಂಗೆ ಈಜೋಕೆ ಬರತ್ತೆ ಅಲ್ವಾ?”

ಅವಳು ಕೆಣಕುವವಳ ಹಾಗೆ ಕೇಳಲಿಲ್ಲ. ಮೆಲ್ಲಗೆ ಕೇಳಿದಳು, ಅವನು ಹೌದು ಎನ್ನಲಿ ಎಂದೇ ಕೇಳಿದಳು. ಇಲ್ಲ ಎನ್ನಲೂ ಆ ಪ್ರಶ್ನೆಯಲ್ಲಿ ಜಾಗವಿತ್ತು, ಅದು ಅವನಿಗೆ ಕಂಡಿತು ಕೂಡ, ಅರೆತೆರೆದ ಕದದ ಹಾಗೆ, ಒಂದೇ ಶಬ್ದ. ಬದಲಿಗೆ ಎದೆಯಿಂದ ಎದ್ದದ್ದು ಬೇರೆ. “ಯಾರು ಹೇಳಿದ್ದು ನಿಂಗೆ? ಆ ಹುಡುಗೀನಾ? ದೊಡ್ಡೋರನ್ನ ಹೀಗೆಲ್ಲ ಕೇಳ್ತಾರಾ? ನಾಳೆ ಅಂದ್ರೆ ನಾಳೆ.” ತನ್ನ ದನಿ ತನಗೇ ಕೇಳಿಸಿತು, ಟ್ರಾಮಿನಲ್ಲಿ ಟಿಕೆಟಿಲ್ಲದ ಮುದುಕರ ಮೇಲೆ ರೇಗುವ ಇನ್‌ಸ್ಪೆಕ್ಟರನ ದನಿ. ಯಾವ ಹುಡುಗಿ ಎಂದು ಫೀನಾ ಕೇಳಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ ಎಂಬುದು ಅವಳ ಮುಖ ನೋಡಿದಾಗಲೇ ತಿಳಿಯಿತು, ಈಗ ತಾನೇ ಗೊತ್ತಾಗಿದೆ ಎಂಬುದೂ ತಿಳಿಯಿತು. ಅವಳು ಅವನ ಮುಂದೆ ಮುಂದೆ ಮನೆಯ ಕಡೆ ನಡೆದಳು, ಬೆನ್ನ ಮೇಲೆ ಜಡೆ ಅತ್ತಿತ್ತ ಹೊಡೆಯುತ್ತಿತ್ತು.

ಸಂಜೆಯ ಹಾಲು ಕರೆಯಲು ಅವನು ಕಾಂಡಿಡ್‌ನ ಜೊತೆ ಕೊಟ್ಟಿಗೆಯಲ್ಲಿ ಕೂತ. ಹಸುವಿನ ಬಿಸಿ ಪಕ್ಕೆಗೆ ಹಣೆ ಒತ್ತಿಕೊಂಡರೆ ಲೋಕ ಇಲ್ಲ; ಇಲ್ಲೇ ಇದ್ದುಬಿಡಬಹುದಿತ್ತು, ಕೆಳಗಿಳಿಯದೆ, ಮಾತು ಕೊಡದೆ. “ಕೈ ಮರೆತಿಲ್ಲ ನಿಂಗೆ” ಎಂದ ಕಾಂಡಿಡ್. ಸ್ವಲ್ಪ ಹೊತ್ತಾದ ಮೇಲೆ, “ಹೇಳಿಬಿಡು ಮಗೂಗೆ. ಬರಲ್ಲ ಅಂದ್ರೆ ಬರಲ್ಲ. ನಂಗೂ ಬರಲ್ಲ, ನಾನೇನು ಸತ್ತಿದ್ದೀನಾ?” ಎಂದ. ರೆಮಿಗಿ ಕೆಚ್ಚಲನ್ನು ಕೊನೆಯ ಹನಿಯವರೆಗೆ ಹಿಂಡಿದ. ಹೇಳುತ್ತೇನೆ, ಊಟಕ್ಕೆ ಕೂತಾಗ ಹೇಳುತ್ತೇನೆ, ಮಲಗುವಾಗ ಹೇಳುತ್ತೇನೆ. ಮನಸ್ಸಿನಲ್ಲೇ ಹೇಳಿ ನೋಡಿದ, ಮೊದಲ ಸಲ ಎದೆ ಹಗುರವಾಯಿತು. ಬಕೆಟ್ಟು ಎತ್ತಿಕೊಂಡು ಹೊರಗೆ ಬಂದರೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣಿವೆಯ ಸಂದಿನಿಂದ ಮಂಜು ನೀರಿನ ಮೇಲೆ ಹೊಟ್ಟೆ ಎಳೆದುಕೊಂಡು ಬರುತ್ತಿತ್ತು, ದಡದ ಚಪ್ಪಟೆ ಕಲ್ಲಿನ ಮೇಲೆ ಏನೋ ಇತ್ತು. ಮಡಿಸಿಟ್ಟ ಬಟ್ಟೆ. ಅದರ ಮೇಲೆ ಬೂಟುಗಳು, ಒಳಗೆ ತುರುಕಿದ ಕಾಲುಚೀಲ, ಲಿಡಿಯಾ ಕಲಿಸಿದ ಹಾಗೆ.

ಬಕೆಟ್ಟು ಎಲ್ಲಿ ಬಿತ್ತೋ ತಿಳಿಯಲಿಲ್ಲ. ನೀರಿನ ಅಂಚಿಗೆ ಬಂದಾಗ ಕಿತ್ತಳೆ ಬಣ್ಣದ ಚುಕ್ಕೆ ಕರುವಿನ ಪಕ್ಕ ಕಂಡಿತು, ಒಂದು ಪುಟ್ಟ ಮೈ ಬಂಡೆಯ ಮೇಲೆ ಏರಿ ಎದ್ದು ನಿಂತು ಎರಡೂ ಕೈ ಎತ್ತಿತು. ಅವನಿಗೆ ತೋರಿಸಲಿಕ್ಕೋ ತನಗೇ ತೋರಿಸಿಕೊಳ್ಳಲಿಕ್ಕೋ. ಆಮೇಲೆ ಮಂಜು ಬಂಡೆಯನ್ನು ನುಂಗಿತು, ಆಮೇಲೆ ನೀರನ್ನು, ಆಮೇಲೆ ಅವನ ಬೂಟಿನ ಮುಂದಿನ ಕಲ್ಲನ್ನು. “ಫೀನಾ.” ಅಗಾತಾ ಮೇಲಿನಿಂದ ಏದುಸಿರು ಬಿಡುತ್ತ ಓಡಿ ಬಂದಳು: “ಇಲ್ಲೇ ಕಾಲು ನೆನೆಸ್ತೀನಿ ಅಂದ್ಲು ಕಣೋ, ನಾನು ಒಲೆ ಹತ್ರ ಇದ್ದೆ, ಯೇಸುವೇ, ಕಾಲು ಮಾತ್ರ ಅಂದ್ಲು.” ದೋಣಿ ಇರಲಿಲ್ಲ, ಆ ನೀರಿಗೆ ಎಂದೂ ದೋಣಿ ಇರಲಿಲ್ಲ. ಪ್ರವಾಸಿಗಳೆಲ್ಲ ಕೊನೆಯ ಕೇಬಲ್ ಕಾರಿಗೆ ಇಳಿದು ಹೋಗಿದ್ದರು. ಸ್ವರ್ಗದಲ್ಲಿ ಮಿಂದ ಆ ಹಾಲೆಂಡಿನ ಮುದುಕ ಈಗ ಕೆಳಗೆ ಎಲ್ಲೋ ಬಿಯರು ಕುಡಿಯುತ್ತಿರಬೇಕು. ಕಾಂಡಿಡ್ ಕೊಟ್ಟಿಗೆಯಿಂದ ಹಿಂದೆಯೇ ಬಂದಿದ್ದ. ದಡದಲ್ಲಿ ಮೂರು ಜನ ದೊಡ್ಡವರು ನಿಂತಿದ್ದರು, ಮೂವರಿಗೂ ಈಜು ಬರುತ್ತಿರಲಿಲ್ಲ. “ಕೆಳಗಿನ ರಕ್ಷಣೆಯವ್ರಿಗೆ ಫೋನ್ ಮಾಡ್ದೆ,” ಎಂದಳು ಅಗಾತಾ, ಅಳುತ್ತ. “ಮಂಜಲ್ಲಿ ಹೆಲಿಕಾಪ್ಟರ್ ಏಳಲ್ವಂತೆ. ನಡ್ಕೊಂಡು ಬರ್ತಾರಂತೆ.”

ಮಂಜಿನೊಳಗಿಂದ ಎಲ್ಲಿಂದಲೋ, ಎಲ್ಲ ಕಡೆಯಿಂದಲೂ ಎನ್ನುವ ಹಾಗೆ, ಒಂದು ದನಿ ಬಂತು. “ಅಪ್ಪಾ.” ಹೆದರಿದ ದನಿಯಲ್ಲ ಇನ್ನೂ. ದಾರಿ ಕೇಳುವ ದನಿ. “ಅಪ್ಪಾ, ಯಾವ ಕಡೆ?”

ಒದ್ದೆ ಮೈ, ಆ ಬಂಡೆ, ಈ ಚಳಿ. ಕೂತರೆ ಮರಗಟ್ಟುತ್ತಾಳೆ. ಇಳಿದರೆ ಎಲ್ಲಿಗೆ ಈಜುತ್ತಾಳೆ. ಅವನ ಹಿಂದೆ ಕಾಂಡಿಡ್ ಶಿಲುಬೆಯ ಬುಡದಲ್ಲಿ ಆಲಿಕೆಯನ್ನು ಬಾಯಿಗೆತ್ತುತ್ತಿದ್ದ. ಮುದುಕನಿಗೆ ಬೇರೆ ಏನು ಮಾಡಲೂ ಗೊತ್ತಿರಲಿಲ್ಲ, ಆ ಹೊತ್ತಿಗೆ ದಿನವೂ ಮಾಡುವುದನ್ನೇ ಮಾಡುತ್ತಿದ್ದ, ತಿರುಗಿ ನಿಂತಿದ್ದ, ಮೊದಲ ದಿಕ್ಕು ಬಡಗಣ. ರೆಮಿಗಿ ಎರಡು ನೆಗೆತಕ್ಕೆ ಹತ್ತಿ ಆಲಿಕೆಯನ್ನು ಕಿತ್ತುಕೊಂಡ.

“ಆ ಕಡೆ ಬೇಡ. ಚಿಕ್ಕಪ್ಪ, ಆ ಕಡೆ ಕೂಗಬೇಡಿ.”

“ನಾಲ್ಕೂ ಕಡೆ ಕೂಗ್ಬೇಕು ಕಣೋ, ದನ ಎಲ್ಲಾ ಮೇಲಿದಾವೆ, ಬಿಟ್ರೆ—”

“ಗೋಡೆ ಕರೀತದೆ. ಗೋಡೆ ಕಡೆ ಹೋಗ್ತಾಳೆ.”

ಕಾಂಡಿಡ್‌ನ ಬಾಯಿ ತೆರೆದೇ ಉಳಿಯಿತು. ಅವನಿಗೂ ಆ ಕಡಸು ನೆನಪಿತ್ತು. ಅವನು ಕೈ ಕೆಳಗಿಳಿಸಿದ.

ರೆಮಿಗಿ ದಡಕ್ಕಿಳಿದ. ಗೋಡೆ ತನ್ನ ದನಿಯನ್ನು ಹಿಡಿಯದ ಹಾಗೆ, ಕರುವಿನ ಕಡೆಗೇ ಮುಖ ಮಾಡಿ, ಮರದ ಅಂಚನ್ನು ತುಟಿಗೊತ್ತಿದ. ಹಾಲಿನ ಹುಳಿ ವಾಸನೆ, ಅಪ್ಪನ ಬಾಯಿಯ ವಾಸನೆ. ಕೂಗಿದ. ರಾಗ ತಾನಾಗಿ ಬಂತು, ಎಲ್ಲಿತ್ತೋ ಇಷ್ಟು ವರ್ಷ. ಸಂತ ವೆಂಡೆಲಿನ್ ಬಂದ, ಸಂತ ಅಂತೋನಿ ಬಂದ, ದೇವಮಾತೆ ಬಂದಳು, ಅಷ್ಟಕ್ಕೆ ಮುಗಿಯಿತು. ಮುಂದಿನ ಮಾತುಗಳು ಬರಲಿಲ್ಲ, ಚಿಕ್ಕಂದಿನಲ್ಲಿ ಪ್ರತಿ ಸಂಜೆ ಕೇಳಿದ ಮಾತುಗಳು, ಒಂದೂ ಇಲ್ಲ. ನಿಲ್ಲಿಸಬಾರದು. ನಿಲ್ಲಿಸಿದರೆ ಆ ಮಂಜಿನಲ್ಲಿ ದಡವೇ ಇಲ್ಲ. ನೀರಿನಲ್ಲಿ ಏನೋ ಸೀಳಿದ ಸದ್ದಾಯಿತು, ಅವಳು ಇಳಿದಿದ್ದಳು. ಅವನ ಬಾಯಿಗೆ ಬಂದದ್ದು ಟ್ರಾಮಿನ ನಿಲ್ದಾಣಗಳು. ಅದೇ ರಾಗದಲ್ಲಿ, ದೇವರ ಹೆಸರಿನ ರಾಗದಲ್ಲಿ, ಆಸ್ಪತ್ರೆ ಎಂದು ಕೂಗಿದ, ಹಳೇ ಸೇತುವೆ ಎಂದ, ಸಂತೆ ಚೌಕ ಎಂದ, ಗಿರಣಿ, ಸ್ಮಶಾನದ ಬಾಗಿಲು, ಶಾಲೆ, ಕೊನೆಯ ನಿಲ್ದಾಣ. ಮೂರು ವರ್ಷದ ಫೀನಾಳನ್ನು ನೋಡಿಕೊಳ್ಳಲು ಯಾರೂ ಇಲ್ಲದ ದಿನ ಅವಳು ಅವನ ಹಿಂದಿನ ಸೀಟಿನಲ್ಲಿ ಕೂತು ಇಡೀ ಶಿಫ್ಟು ಈ ಹೆಸರುಗಳನ್ನು ಅವನ ಜೊತೆ ಹೇಳುತ್ತ ನಿದ್ದೆ ಹೋಗುತ್ತಿದ್ದಳು. ಕೊನೆಯ ನಿಲ್ದಾಣ ಆದ ಮೇಲೆ ಹಿಂದಕ್ಕೆ ಓಡಿಸಿದ, ಶಾಲೆ, ಸ್ಮಶಾನದ ಬಾಗಿಲು. ಆ ಹೆಸರು ಮುಂದಿನ ಸಲ ಬಾಯಿಗೆ ಬಂದಾಗ ಅದನ್ನು ಬಿಟ್ಟ. ಅವನಿಗೆ ಗೊತ್ತಿಲ್ಲದೆ ನೀರಿಗಿಳಿದಿದ್ದ. ಮೊಣಕಾಲು, ತೊಡೆ, ಸೊಂಟ. ಚಳಿ ಹೊಟ್ಟೆಗೆ ಕಚ್ಚಿತು, ಬೂಟಿನ ಕೆಳಗೆ ಕಲ್ಲು ಜಾರಿತು, ಎದೆಗೆ ಬಂತು. ಇನ್ನೊಂದು ಹೆಜ್ಜೆಗೆ ಆ ನೆಲಮಾಳಿಗೆಯ ಬಾಗಿಲು. ಬೂಟಿನ ತುದಿಗೆ ಅದರ ಹೊಸ್ತಿಲು ಸಿಕ್ಕಿತು. ಅವನು ಆ ಹೆಜ್ಜೆ ಇಡಲಿಲ್ಲ. ಇಡಬೇಕು ಎಂದುಕೊಂಡ, ಇಡಲಿಲ್ಲ, ಮತ್ತೆ ಆಸ್ಪತ್ರೆ ಎಂದು ಕೂಗಿದ.

ನಡುವೆ ಉಸಿರು ತೆಗೆದುಕೊಂಡಾಗ ಕಿವಿಗೊಟ್ಟ. ಏನೂ ಇಲ್ಲ. ಮೇಲೆ ಹುಲ್ಲುಗಾವಲಿನಲ್ಲಿ ಹಸುಗಳ ಗಂಟೆ, ಯಾರೂ ಇನ್ನೂ ಒಪ್ಪಿಸಿಕೊಡದ ಹಸುಗಳು. ಆಮೇಲೆ ನೀರು ಬಡಿವ ಸದ್ದು, ಎಡಕ್ಕೆ, ತೀರ ಎಡಕ್ಕೆ. ಹೋಗುತ್ತಿದೆಯೋ ಬರುತ್ತಿದೆಯೋ. ಸದ್ದು ನಿಂತಿತು. ಅವನು ಸಂತೆ ಚೌಕ ಎಂದ, ಧ್ವನಿ ಒಡೆದು ಎರಡಾಯಿತು. ಗಿರಣಿ ಎಂದ. ಶಾಲೆ. ಕೊನೆಯ ನಿಲ್ದಾಣ, ಕೊನೆಯ ನಿಲ್ದಾಣ. ಸದ್ದು ಮತ್ತೆ ಶುರುವಾಯಿತು, ಈಗ ಎದುರಿಗೆ, ಮಂಜು ಒಂದು ಕಡೆ ಕಿತ್ತಳೆಯಾಯಿತು. ಆ ಕಿತ್ತಳೆ ಅವನ ಎದೆಗೆ ಬಂದು ಬಡಿಯಿತು. ಆಲಿಕೆಯನ್ನು ಕೈಬಿಟ್ಟು ಅವಳನ್ನು ಹಿಡಿದುಕೊಂಡ, ಇಬ್ಬರೂ ಜಾರಿದರು, ಅವನ ಬಾಯಿ ಮೂಗಿನೊಳಗೆ ಸರೋವರ ನುಗ್ಗಿತು, ಅವನನ್ನು ಎಬ್ಬಿಸಿ ನಿಲ್ಲಿಸಿದ್ದು ಅವಳೇ, ಅಂಗಿಯ ಕಾಲರು ಹಿಡಿದು, ಕ್ಲಬ್ಬಿನಲ್ಲಿ ಕಲಿಸಿದ ಹಾಗೆ.

ದಡದಲ್ಲಿ ಅವಳ ಹಲ್ಲುಗಳು ಕಟಕಟ ಹೊಡೆದುಕೊಳ್ಳುತ್ತಿದ್ದವು, ತುಟಿ ನೇರಳೆಯಾಗಿತ್ತು. “ಕೊನೇ ನಿಲ್ದಾಣ ಎರಡು ಸಲ ಹೇಳ್ದೆ,” ಎಂದಳು.

“ಹೂಂ.”

“ಸ್ಮಶಾನದ ಬಾಗಿಲು ಬಿಟ್ಬಿಟ್ಟೆ.”

“ಹೂಂ.”

ಅಗಾತಾ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದಳು, ಬೈಯುತ್ತ, ಬೈಯುತ್ತ, ಇಬ್ಬರಿಗೂ ಸೇರಿಸಿ. “ಕಾಲು ನೆನೆಸ್ತೀನಿ ಅಂತೆ. ನಿನ್ನ ಕಾಲೇನು ಕುತ್ತಿಗೆ ತನಕ ಇದೆಯೇನೇ? ಇವನೊಬ್ಬ ಸಂತ, ಟ್ರಾಮ್ ಸ್ಟಾಪಿನ ಸಂತ. ಹೋಗು, ಬಟ್ಟೆ ಬದಲಾಯಿಸು, ಹಾಲು ಕಾಯ್ಸಿದೀನಿ.” ಕೆಳಗಿನವರಿಗೆ ಮತ್ತೆ ಫೋನು ಮಾಡಿ ಬರಬೇಡಿ ಎಂದಳು. ಕಾಂಡಿಡ್ ಕೋಲಿನಿಂದ ಆಲಿಕೆಯನ್ನು ದಡಕ್ಕೆಳೆದು, ನೀರು ಕೊಡವಿ, ಶಿಲುಬೆಯ ಕಡೆ ಹತ್ತಿದ. ಒಲೆಯ ಮುಂದೆ ಒಣ ಬಟ್ಟೆಯಲ್ಲಿ ಕೂತ ರೆಮಿಗಿಗೆ ಮುದುಕನ ಕೂಗು ಕೇಳಿಸಿತು, ತುಂಬಾ ತಡವಾಗಿ ಹೊರಟ ಆ ದಿನದ ಕೂಗು: ತಾನು ಕೂಗದೆ ಬಿಟ್ಟಿದ್ದ ಮೂರು ದಿಕ್ಕಿಗೆ ಮಾತ್ರ. ಬಡಗಣಕ್ಕೆ ತಿರುಗಿದಾಗ ಗೋಡೆ ಉತ್ತರ ಕೊಟ್ಟಿತು. ಕಂಬಳಿಯೊಳಗೆ ಫೀನಾಳ ಕಣ್ಣು ದೊಡ್ಡದಾಯಿತು.

“ಅಲ್ಲಿಂದಲೂ ಯಾರೋ ಕರೆದ್ರು ಮೊದ್ಲು, ನೀನೇನೋ ಅನ್ಕೊಂಡೆ,” ಎಂದಳು. “ಒಂದು ಸಲ. ನಾನು ನಿನ್ನ ಕರೆದಾಗ. ಅಲ್ಲಿಂದ ಅಪ್ಪಾ ಅಂತ ಬಂತು.”

“ಅದು ನಿನ್ನ ದನೀನೇ.”

“ನಂಗೊತ್ತಿರ್ಲಿಲ್ಲ.” ಅವಳು ಹಾಲು ಕುಡಿದಳು. ಮೇಲ್ದುಟಿಯ ಮೇಲೆ ಬಿಳಿ ಗೆರೆ ಉಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. “ನಿಂಗೆ ಈಜೋಕೆ ಬರಲ್ಲ ಅಲ್ವಾ.”

“ಇಲ್ಲ.”

“ಯಾವತ್ತೂ ಬರ್ತಿರ್ಲಿಲ್ವಾ?”

“ಯಾವತ್ತೂ.”

ಅವಳು ಇನ್ನೇನಾದರೂ ಕೇಳುತ್ತಾಳೆಂದು ಕಾದ. ಪಾಲಿಗೆ ಬಂದದ್ದನ್ನೆಲ್ಲ ತೆಗೆದುಕೊಳ್ಳಲು ಸಿದ್ಧನಾಗಿ ಕೂತಿದ್ದ. ಅವಳು ಬಟ್ಟಲು ಕೆಳಗಿಟ್ಟು ಒಲೆಯ ಬೆಂಕಿ ನೋಡುತ್ತ ಕೂತಳು, ಅವನ ತೋಳಿಗೆ ಒರಗಿಕೊಂಡೂ ಇರಲಿಲ್ಲ, ದೂರ ಸರಿದೂ ಇರಲಿಲ್ಲ. ನಡುವೆ ಒಂದು ಅಂಗೈಯಷ್ಟು ಜಾಗವಿತ್ತು. ಅವನಿಗೆ ನೀರಿನಲ್ಲಿ ಆಗಿದ್ದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ಜಾಗಕ್ಕೆ. ನಾಳೆ ಮಲಗುವ ಮುಂಚೆ ಏನಾದರೂ ಹೇಳಿದರೆ ಅವಳು ಹೀಗೆಯೇ ಕೇಳಿಸಿಕೊಳ್ಳುತ್ತಾಳೆ, ಬೆಂಕಿ ನೋಡುತ್ತ, ಯಾವ ಕಡೆಯಿಂದ ಬಂದ ದನಿ ಎಂದು ಮೊದಲು ತೂಗಿ ನೋಡುತ್ತಾಳೆ.

ಬೆಳಿಗ್ಗೆ ಆಕಾಶ ಮತ್ತೆ ತೊಳೆದಿಟ್ಟ ಹಾಗಿತ್ತು. ಕಾಂಡಿಡ್ ಹಸುಗಳನ್ನು ಎಣಿಸಿ ಬಂದು, ಎಲ್ಲ ಇವೆ ಎಂದು ತಲೆಯಾಡಿಸಿದ. ಅಗಾತಾ ಚೀಸಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ರೆಮಿಗಿಯ ಚೀಲಕ್ಕೆ ತುರುಕುವಾಗ ಈಜುಡುಪು ಹೊರಬಿತ್ತು, ಅಂಗಡಿಯ ಚೀಟಿ ತೂಗುತ್ತಿತ್ತು. ಯಾರೂ ನಗಲಿಲ್ಲ. ಫೀನಾ ಅದನ್ನು ಎತ್ತಿ, ಚೀಟಿ ಕಾಣದ ಹಾಗೆ ಒಳಗೆ ಮಡಿಸಿ, ಚೀಲಕ್ಕೆ ಹಾಕಿದಳು. ಕೇಬಲ್ ಕಾರಿನ ಡಬ್ಬಿ ಮೊದಲ ಕಂಬ ದಾಟಿ ಜೋಲಿ ಹೊಡೆದಾಗ ಅವಳು ಕಿಟಕಿಯ ಸರಳು ಹಿಡಿದುಕೊಂಡಳು, ಈ ಸಲ ಅವನೂ ತಿರುಗಿ ನೋಡಿದ. ಸರೋವರ ಅಲ್ಲೇ ಇತ್ತು, ನಡುವೆ ಕರು ಬೆನ್ನು ತೋರಿಸಿಕೊಂಡು ಮಲಗಿತ್ತು.

ಹತ್ತು ತುಂಬಿದ ಬೇಸಿಗೆಯಲ್ಲಿ ಜೊತೆಯಲ್ಲೇ ಕರುವಿನ ತನಕ ಈಜುತ್ತೇನೆಂದು ಅವನು ಮಗಳಿಗೆ ಮಾತು ಕೊಟ್ಟಿದ್ದ. ಈಜಲಿಲ್ಲ.